ತಮಟೆ ಮೇಲೆ ಕಿಕ್: ‘ಯಾರಿಗೆ ಬಂತು’ ರಿಮಿಕ್ಸ್ ಎಲ್ಲಿವರೆಗೆ ಬಂತು

ಅಂತೂ ಈ ವಾರ ಬೀಟ್ ಕೂತಿತು. ಕವಿ ಸಿದ್ಧಲಿಂಗಯ್ಯನವರ ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’ ಹಾಡನ್ನು ಡಾನ್ಸ್ ಟ್ರ್ಯಾಕ್ ಮಾಡುತ್ತೇನೆ ಅಂದಾಗ ಮೂಗು ಮುರಿದವರೇ ಜಾಸ್ತಿ. ದಲಿತ ಸಂಘರ್ಷ ಸಮಿತಿಯವರು ಹೋರಾಟದಲ್ಲಿ ಹಾಡಿಕೊಂಡು ಬಂದ ಹಾಡು, ಅದಕ್ಕೆ ಕುಣಿಯೋದಾ ಅಂತ. ಅಲ್ಲ ಸ್ವಾಮಿ, ತಮಟೆ ಬಡಿದರೆ ಯಾರು ಸುಮ್ನೆ ನಿಲ್ಲುತ್ತಾರೆ?

ಮಾತ್ರೆಯ ಲೆಕ್ಕವೂ ನನ್ನ ಪರವೇ ಇದೆ. ‘ಯಾರಿಗೆ’ ನಾಲ್ಕು ಮಾತ್ರೆ, ‘ಎಲ್ಲಿಗೆ’ ನಾಲ್ಕು, ‘ನಲವತ್ತೇಳರ’ ಎಂಟು. ‘ಬಂತು’ ಮೂರೇ ಆದರೂ ಹಾಡುವಾಗ ಕೊನೆಗೊಂದು ಎಳೆತ ಬಂದೇ ಬರುತ್ತದೆ. ಹಾಗಾಗಿ ನಾಲ್ಕು ಏಟಿನ ಕಿಕ್ (ಡಾನ್ಸ್ ಹಾಡಿನ ಧಿಮ್ ಧಿಮ್ ಡ್ರಮ್ಮಿನ ಪೆಟ್ಟು) ಕೆಳಗಿಟ್ಟರೆ ಪದವನ್ನು ಎಳೆಯೋದೂ ಬೇಡ, ಕುಗ್ಗಿಸೋದೂ ಬೇಡ. ವೇಗ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಏಟು, ಇಟ್ಟಿದ್ದೇನೆ. 128ಕ್ಕೆ ಹೋದರೆ ಹಾಡೋರಿಗೆ ಉಸಿರು ಸಾಲದು, ಮಾತೂ ಕೇಳಿಸದು.

ತಲೆನೋವು ಕೊಟ್ಟಿದ್ದು ತಮಟೆ. ಚರ್ಮದ ತಮಟೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರೆ, ಆರುತ್ತಾ ಬಂದ ಹಾಗೆ ಶ್ರುತಿ ಇಳಿಯುತ್ತದೆ, ಅದಕ್ಕೇ ರೆಕಾರ್ಡಿಂಗಿನ ಶುರುವಿನ ಪೆಟ್ಟುಗಳನ್ನು ತಂದು ಕೊನೆಯಲ್ಲಿ ಲೂಪ್ ಮಾಡಿದರೆ ಬೇರೆ ಯಾವುದೋ ವಾದ್ಯದ ಥರ ಕೇಳುತ್ತದೆ. ಮೇಲಾಗಿ ದಪ್ಪ ಕೋಲಿನ ಪೆಟ್ಟು ನೇರ ಕಿಕ್ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತಿದ್ದವು. ಕಿಕ್ ಬಿದ್ದಾಗೆಲ್ಲ ತಮಟೆಯ ಕೆಳದನಿ ಮಾತ್ರ ತಗ್ಗುವ ಹಾಗೆ ಸೈಡ್‌ಚೈನ್ ಹಾಕಿದೆ. ಸಣ್ಣ ಕಡ್ಡಿಯ ಚಟಚಟವನ್ನು ಮುಟ್ಟಲೇ ಇಲ್ಲ. ಗ್ರಿಡ್‌ಗೂ, ಅಂದರೆ ಸಾಫ್ಟ್‌ವೇರಿನ ತಾಳದ ಗೆರೆಗಳಿಗೂ, ಕೂರಿಸಿಲ್ಲ. ಅದು ಕೂದಲೆಳೆ ಮುಂದೆ ಓಡೋದರಲ್ಲೇ ಮಜಾ ಇರೋದು.

ಇನ್ನು ಡ್ರಾಪ್, ಅಂದರೆ ತಡೆದಿಟ್ಟ ಬೀಟ್, ಬೇಸ್ ಒಟ್ಟಿಗೆ ಬಂದು ಬೀಳೋ ಜಾಗ. 2018ರಲ್ಲಿ ‘ಬೆಲ್ಲಾ ಚಾವ್’ ರಿಮಿಕ್ಸ್ ಯುರೋಪಿನಲ್ಲಿ ಹಿಟ್ ಆಯ್ತಲ್ವಾ, ಇಟಲಿಯ ಫ್ಯಾಸಿಸ್ಟ್ ವಿರೋಧಿಗಳ ಹಾಡು, ಅದರಲ್ಲಿ ಕುಣಿಯೋರ ಬಾಯಲ್ಲಿ ಉಳಿದದ್ದು ‘ಚಾವ್ ಚಾವ್’ ಒಂದೇ, ಸಾಯೋಕೆ ಹೊರಟವನ ಮಾತು ಮಂಗಮಾಯ. ನನಗೆ ಅದು ಬೇಡ. ಅದಕ್ಕೇ ‘ಸ್ವಾತಂತ್ರ್ಯ’ ಅನ್ನೋ ಕಡೆ ಡ್ರಾಪ್ ಇಟ್ಟಿಲ್ಲ, ಇಡೋಕೆ ಕೈ ಎಷ್ಟೇ ತುರಿಸಿದರೂ. ಅಲ್ಲಿ ಬೇಸ್ ಧಡಾರ್ ಅಂತ ಬಿದ್ದರೆ ಸ್ವಾತಂತ್ರ್ಯ ಬಂದೇಬಿಟ್ಟಿತು ಅನ್ನೋ ಹಾಗಾಗುತ್ತದೆ, ಹಾಡು ಹೇಳೋದು ಪೂರ್ತಿ ಉಲ್ಟಾ. ‘ಯಾರಿಗೆ ಬಂತು’ ಅನ್ನೋ ಪ್ರಶ್ನೆ ಬಂದಾಗ ಕಿಕ್, ಬೇಸ್ ಎರಡೂ ಬಂದ್. ಗೆಳೆಯರ ಬರೀ ಗಂಟಲು. ಆಮೇಲೆ ಎರಡು ಬಾರ್ (ಎಂಟು ಏಟು) ಖಾಲಿ, ಆಗ ತಮಟೆ.

ಬಾಕಿ ಇರೋದು: ಕೋರಸ್‌ನಲ್ಲಿ ಈಗ ಬರೀ ಗಂಡಸರೇ ಇದ್ದಾರೆ, ಹೆಣ್ಣುದನಿ ಬೇಕೇ ಬೇಕು. ಪದ್ಯ ಬಳಸೋಕೆ ಅನುಮತಿ ಕೇಳಿದ್ದೇನೆ, ಉತ್ತರ ಬರೋವರೆಗೆ ಫೈಲ್ ಯಾರಿಗೂ ಕಳಿಸೋದಿಲ್ಲ, ದಯವಿಟ್ಟು ಕೇಳಬೇಡಿ.