ವೆಬ್ ಪೇಜಿಗೆ ಕನ್ನಡ ಫಾಂಟ್: ಸಿಎಸ್‌ಎಸ್ ಐದಾರು ಸಾಲು, ಉಳಿದಿದ್ದೆಲ್ಲ ಒತ್ತು ಕಾಗುಣಿತದ ಕೆಲಸ

ಪೇಜ್ ಹೇಗೆ ಕಾಣ್ಬೇಕು ಅಂತ ಹೇಳೋ ಸ್ಟೈಲ್ ಶೀಟಲ್ಲಿ, ಅಂದ್ರೆ ಸಿಎಸ್‌ಎಸ್ ಫೈಲಲ್ಲಿ, ನಮಗೆ ಬೇಕಾದ ಫಾಂಟ್ ಹಾಕೋದು ಹೇಗೆ ಅಂತ ಹುಡುಕಿದ್ರೆ ಐದಾರು ಸಾಲಿನ ಕೋಡ್ ಸಿಗತ್ತೆ, ಕಾಪಿ ಮಾಡಿ ಹಾಕಿದ್ರೆ ಕೆಲಸಾನೂ ಮಾಡತ್ತೆ. ತೊಂದರೆ ಏನಂದ್ರೆ ಆ ಪಾಠಗಳಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರಗಳನ್ನ ತಲೇಲಿ ಇಟ್ಕೊಂಡು ಬರೆದಿರೋವು. ಅದೇ ಕೋಡನ್ನ ಕನ್ನಡ ಪೇಜಿಗೆ ಹಾಕಿದಾಗ ಫಾಂಟೇನೋ ಬರತ್ತೆ, ಆದ್ರೆ ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗಿರತ್ತೆ, ಹೆಡಿಂಗಲ್ಲಿ "ಘ"ದ ಹೊಟ್ಟೆ ಮುಚ್ಚಿಹೋಗಿರತ್ತೆ, ಎಲ್ಲೋ ಒಂದು ಪದ ಮಾತ್ರ ಬೇರೆ ಫಾಂಟಲ್ಲಿ ಕಾಣ್ತಿರತ್ತೆ. ಕನ್ನಡಕ್ಕೆ ಅಂತ ಏನೇನು ನೋಡ್ಕೋಬೇಕು ಅನ್ನೋದನ್ನ ಒಂದು ಕಡೆ ಬರೆದಿಡೋಣ ಅಂತ ಕೂತೆ.

ಮೊದಲು ಆ ಐದಾರು ಸಾಲು. ಸಿಎಸ್‌ಎಸ್ ಫೈಲಿನ ಮೇಲ್ಗಡೆ @ಫಾಂಟ್-ಫೇಸ್ ಅಂತ ಒಂದು ರೂಲ್ ಬರೀಬೇಕು, ಅದರೊಳಗೆ ಫಾಂಟ್-ಫ್ಯಾಮಿಲಿ ಅಂತ ಒಂದು ಹೆಸರು ಕೊಡ್ಬೇಕು, ಈ ಹೆಸರು ಫಾಂಟಿನ ನಿಜವಾದ ಹೆಸರೇ ಆಗಿರ್ಬೇಕು ಅಂತೇನಿಲ್ಲ, ನೀವು ಏನು ಇಟ್ರೂ ನಡೆಯತ್ತೆ. ಆಮೇಲೆ ಎಸ್‌ಆರ್‌ಸಿ ಅಂತ ಬರೆದು ಫೈಲ್ ಎಲ್ಲಿದೆ ಅನ್ನೋದು, ಅದರ ಫಾರ್ಮ್ಯಾಟ್ ಯಾವುದು ಅನ್ನೋದು, ಆಮೇಲೆ ಫಾಂಟ್-ವೇಟ್, ಫಾಂಟ್-ಸ್ಟೈಲ್, ಫಾಂಟ್-ಡಿಸ್‌ಪ್ಲೇ. ಇಷ್ಟಾದ್ಮೇಲೆ ಬಾಡಿಗೋ ಹೆಡಿಂಗಿಗೋ ಅದೇ ಹೆಸರನ್ನ ಕೊಟ್ರೆ ಮುಗೀತು. ಫೈಲಿನ ದಾರಿ ಬರೀವಾಗ ಒಂದು ನೆನಪಿರ್ಲಿ, ಅದನ್ನ ಲೆಕ್ಕ ಹಾಕೋದು ಸಿಎಸ್‌ಎಸ್ ಫೈಲ್ ಇರೋ ಜಾಗದಿಂದ, ಎಚ್‌ಟಿಎಂಎಲ್ ಪೇಜ್ ಇರೋ ಜಾಗದಿಂದ ಅಲ್ಲ. ಫಾಂಟ್ ಬರ್ತಾನೇ ಇಲ್ಲ ಅಂದ್ರೆ ಮೊದಲು ನೋಡ್ಬೇಕಾದ್ದು ಇದನ್ನೇ. ಎರಡನೇದು, ಫೈಲ್ ಬೇರೆ ಡೊಮೇನಲ್ಲಿ ಇದ್ರೆ ಆ ಸರ್ವರ್ ಅನುಮತಿಯ ಹೆಡರ್ ಕಳಿಸ್ಲೇಬೇಕು, ಚಿತ್ರಗಳಿಗೆ ಇಲ್ಲದ ಈ ಕಟ್ಟುಪಾಡು ಫಾಂಟಿಗೆ ಇದೆ.

ಫಾರ್ಮ್ಯಾಟ್ ವಿಷಯ ಈಗ ಸುಲಭ, ವೆಬ್‌ಗೆ ಅಂತಾನೇ ಕುಗ್ಗಿಸಿದ ಫಾಂಟ್ ಫೈಲ್ ವಾಫ್2, ಅದೊಂದೇ ಸಾಕು. ಹಳೇ ಕೋಡಲ್ಲಿ ಇಓಟಿ, ಟಿಟಿಎಫ್, ಎಸ್‌ವಿಜಿ ಅಂತ ನಾಲ್ಕೈದು ಫೈಲುಗಳ ಪಟ್ಟಿ ಇರ್ತಿತ್ತಲ್ಲ, ಅದು ಒಂದೊಂದು ಬ್ರೌಸರಿಗೆ ಒಂದೊಂದು ಅಂತಿದ್ದ ಕಾಲದ್ದು. ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಬಂದಿದ್ದು 1997ರಲ್ಲಿ, ಪೇಜಿನ ಜೊತೆಗೇ ಫಾಂಟ್ ಕಳಿಸೋ ವ್ಯವಸ್ಥೆ ಅದರಲ್ಲಿ ಆಗ್ಲೇ ಇತ್ತು, ಆದ್ರೆ ಮೈಕ್ರೋಸಾಫ್ಟಿನ ಇಓಟಿಲಿ ಮಾತ್ರ. 1998ರ ಸಿಎಸ್‌ಎಸ್2ರಲ್ಲಿ @ಫಾಂಟ್-ಫೇಸ್ ಸೇರಿಸಿದ್ರು, ಮುಂದೆ 2.1ರಲ್ಲಿ ತೆಗೆದುಹಾಕಿದ್ರು. 2008ರಲ್ಲಿ ಸಫಾರಿ 3.1, 2009ರಲ್ಲಿ ಫೈರ್‌ಫಾಕ್ಸ್ 3.5 ನೇರವಾಗಿ ಟಿಟಿಎಫ್ ಓದೋಕೆ ಶುರು ಮಾಡಿದ್ಮೇಲೆ ಅದಕ್ಕೆ ಮತ್ತೆ ಜೀವ ಬಂತು. ವಾಫ್ ಅನ್ನೋದು ವೆಬ್ಬಿನ ನಿಯಮ ರೂಪಿಸೋ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸು ಆಗಿದ್ದು 2012ರಲ್ಲಿ, ವಾಫ್2 2018ರಲ್ಲಿ. ವಾಫ್2 ಒಳಗೆ ಬ್ರಾಟ್ಲಿ ಕಂಪ್ರೆಷನ್ ಇರೋದ್ರಿಂದ ಫೈಲ್ ಇನ್ನೂ ಚಿಕ್ಕದಾಗತ್ತೆ.

ಈ ಚರಿತ್ರೆ ಕನ್ನಡದವರಿಗೆ ಬೇರೆ ರೀತಿ ಮುಟ್ಟಿದೆ ಅಂತ ನನಗನ್ಸತ್ತೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡೋ ಯೂನಿಕೋಡ್ ಎಲ್ಲ ಕಡೆ ಬರೋಕೆ ಮುಂಚೆ ಕನ್ನಡ ಸೈಟುಗಳು ಆಸ್ಕಿ ಫಾಂಟಲ್ಲಿ ಇರ್ತಿದ್ವು, ಅಂದ್ರೆ ಪೇಜಲ್ಲಿ ನಿಜವಾಗ್ಲೂ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ತೋರಿಸೋದು. ಫಾಂಟ್ ಬರದೇ ಇದ್ರೆ ಓದೋಕೆ ಏನೂ ಇರ್ತಿರ್ಲಿಲ್ಲ, ಕಲಸುಮೇಲೋಗರ ಅಷ್ಟೇ, ಸರ್ಚಲ್ಲೂ ಸಿಕ್ತಿರ್ಲಿಲ್ಲ. ಈಗ ಹಾಗಿಲ್ಲ, ಪಠ್ಯ ಪಠ್ಯವಾಗೇ ಇರತ್ತೆ, ನಮ್ಮ ಫಾಂಟ್ ಬರ್ಲಿಲ್ಲ ಅಂದ್ರೂ ವಿಂಡೋಸಲ್ಲಿ ನಿರ್ಮಲಾ ಯುಐ ಅಥವಾ ತುಂಗಾ, ಆಂಡ್ರಾಯ್ಡಲ್ಲಿ ನೋಟೋ ಸಾನ್ಸ್ ಕನ್ನಡ, ಮ್ಯಾಕಲ್ಲಿ ಕನ್ನಡ ಸಂಗಮ್, ಹೀಗೆ ಏನೋ ಒಂದರಲ್ಲಿ ಓದಬಹುದು. ಹಾಗಾಗಿ ಈಗ ಫಾಂಟ್ ಹಾಕೋದು ಕಾಣೋದಕ್ಕಲ್ಲ, ಚೆನ್ನಾಗಿ ಕಾಣೋದಕ್ಕೆ, ಹಾಗಿದ್ಮೇಲೆ ಮೊದಲಿಗಿಂತ ಕೆಟ್ಟದಾಗಿ ಕಾಣೋ ಹಾಗಂತೂ ಹಾಕ್ಬಾರ್ದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಯೂನಿಕೋಡಲ್ಲಿ ಕನ್ನಡಕ್ಕೆ ಇರೋದು 128 ಜಾಗ, ಆದ್ರೆ ಒಂದು ಕನ್ನಡ ಫಾಂಟ್ ಬಿಚ್ಚಿ ನೋಡಿದ್ರೆ ಒಳಗೆ ನೂರಾರು ಗ್ಲಿಫ್, ಅಂದ್ರೆ ಅಕ್ಷರದ ಚಿತ್ರಗಳು, ಇರ್ತವೆ, ಒಂದೊಂದು ವ್ಯಂಜನಕ್ಕೂ ಒತ್ತಿನ ರೂಪ, ಗುಡಿಸು ಸೇರಿದ ರೂಪ, ಅರ್ಕಾವತ್ತು, ಹೀಗೆ. "ಕ್ಷ" ಅಂತ ಟೈಪ್ ಮಾಡಿದಾಗ ಪೇಜಲ್ಲಿ ಉಳಿಯೋದು ಕ, ವಿರಾಮ (ಅರ್ಧಾಕ್ಷರದ ಚಿಹ್ನೆ), ಷ ಅನ್ನೋ ಮೂರು ಕೋಡ್, ಆ ಮೂರನ್ನ ಸೇರಿಸಿ "ಕ್ಷ" ಮಾಡೋ ನಿಯಮ ಫಾಂಟಿನೊಳಗೆ ಜಿಸಬ್ ಅನ್ನೋ ಟೇಬಲಲ್ಲಿ ಇರತ್ತೆ, ಯಾವ ಒತ್ತು ಎಷ್ಟು ಕೆಳಗೆ ಎಷ್ಟು ಬಲಕ್ಕೆ ಕೂರ್ಬೇಕು ಅನ್ನೋದು ಜಿಪಾಸ್ ಟೇಬಲಲ್ಲಿ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಈ ನಿಯಮ ಓದಿ ಅಕ್ಷರ ಜೋಡಿಸೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಇಂಗ್ಲಿಷ್ ಫಾಂಟಲ್ಲಿ ಈ ಟೇಬಲ್ ಹೋದ್ರೆ ಸಣ್ಣಪುಟ್ಟ ಅಂದ ಹೋಗಬಹುದು ಅಷ್ಟೇ, ಕನ್ನಡದಲ್ಲಿ ಬರವಣಿಗೆನೇ ಹೋಗತ್ತೆ, "ರಾಷ್ಟ್ರ" ಅನ್ನೋದು "ರಾಷ್‌ಟ್‌ರ" ಆಗತ್ತೆ.

ಇದು ಯಾವಾಗ ಆಗತ್ತೆ ಅಂದ್ರೆ ಫಾಂಟ್ ಫೈಲನ್ನ ಚಿಕ್ಕದು ಮಾಡೋಕೆ ಹೋದಾಗ. ಬೇಡದ ಅಕ್ಷರ ತೆಗೆದು ಬೇಕಾದಷ್ಟೇ ಇಟ್ಕೊಳ್ಳೋ ಈ ಸಬ್‌ಸೆಟ್ಟಿಂಗ್ ಒಳ್ಳೇದೇ, ಮಾಡ್ಲೇಬೇಕು, ಆದ್ರೆ ಯಾವ್ಯಾವ್ದೋ ಆನ್‌ಲೈನ್ ಕನ್ವರ್ಟರಿಗೆ ಫಾಂಟ್ ಕೊಟ್ಟು ಬಂದಿದ್ದನ್ನ ಹಾಗೇ ಹಾಕ್ಬೇಡಿ. ಪೈಥಾನಲ್ಲಿ ಫಾಂಟ್‌ಟೂಲ್ಸ್ ಅಂತ ಇದೆ, ಅದರ ಜೊತೆ ಬರೋ ಪೈಎಫ್‌ಟಿಸಬ್‌ಸೆಟ್ ಅನ್ನೋ ಕಮಾಂಡ್ ಬಳಸಿ, ಲೇಔಟ್ ಫೀಚರ್ಸ್ ಎಲ್ಲಾ ಇರ್ಲಿ ಅಂತ ನಕ್ಷತ್ರ ಚಿಹ್ನೆ ಕೊಟ್ಬಿಡಿ, ವಾಫ್2 ಆಗಿ ಬರೀ ಅಂತ ಹೇಳಿ. ಒತ್ತುಗಳನ್ನ ನೀವು ಬೇರೆ ಪಟ್ಟಿ ಮಾಡ್ಬೇಕಿಲ್ಲ, 128 ಜಾಗದ ಪಟ್ಟಿ ಕೊಟ್ರೆ ಆ ಅಕ್ಷರಗಳಿಂದ ಹುಟ್ಟೋ ಒತ್ತುಗಳನ್ನೆಲ್ಲ ಅದೇ ಹುಡುಕಿ ಉಳಿಸ್ಕೊಳ್ಳತ್ತೆ. ಆದ್ರೆ ಬರೀ 128 ಕೊಟ್ರೆ ಸಾಲಲ್ಲ, ಇಲ್ಲೇ ತುಂಬಾ ಜನ ಬಿಟ್ಟುಬಿಡೋದು. ಕನ್ನಡ ಬರೆಯೋಕೆ ಕಣ್ಣಿಗೆ ಕಾಣದ ಎರಡು ಕ್ಯಾರೆಕ್ಟರ್ ಬೇಕು, ಜೀರೋ ವಿಡ್ತ್ ಜಾಯಿನರ್ ಮತ್ತು ನಾನ್ ಜಾಯಿನರ್. "ಸಾಫ್ಟ್‌ವೇರ್" ಅಂತ ಬರೀವಾಗ ಟ್ ಆದ್ಮೇಲೆ ನಾನ್ ಜಾಯಿನರ್ ಇರೋದ್ರಿಂದ ವ ಒತ್ತಾಗದೆ ಬಿಡಿಯಾಗಿ ನಿಲ್ಲತ್ತೆ, ಇಲ್ಲಾಂದ್ರೆ "ಸಾಫ್ಟ್ವೇರ್" ಅಂತ ಒತ್ತಿನ ಕೆಳಗೊಂದು ಒತ್ತು. "ರ‍್ಯಾಂಕ್" ಅನ್ನೋದರಲ್ಲಿ ರ ಪೂರ್ತಿಯಾಗಿ ಉಳಿಯೋದು ಜಾಯಿನರಿಂದ, ಅದಿಲ್ಲದಿದ್ರೆ "ಸೂರ್ಯ"ದಲ್ಲಿ ಆಗೋ ಹಾಗೆ ಅರ್ಕಾವತ್ತು ಆಗ್ಬಿಡತ್ತೆ. ಸಬ್‌ಸೆಟಲ್ಲಾಗ್ಲಿ ಯೂನಿಕೋಡ್-ರೇಂಜಲ್ಲಾಗ್ಲಿ ಇವೆರಡನ್ನ ಬಿಟ್ರೆ ಪದ ಆ ಜಾಗದಲ್ಲೇ ತುಂಡಾಗಿ ಅರ್ಧ ಒಂದು ಫಾಂಟಿಗೆ ಅರ್ಧ ಇನ್ನೊಂದಕ್ಕೆ ಹೋಗೋ ಸಾಧ್ಯತೆ ಇರತ್ತೆ. ಗೂಗಲ್ ಫಾಂಟ್ಸ್ ಕೊಡೋ ಕನ್ನಡದ ರೇಂಜ್ ನೋಡಿ, ಅದರಲ್ಲಿ ಇವೆರಡೂ ಇವೆ, ದಂಡ ಮತ್ತು ಜೋಡಿ ದಂಡ ಇವೆ, ಒಂಟಿ ಮಾತ್ರೆಗಳನ್ನ ತೋರಿಸೋಕೆ ಬೇಕಾಗೋ ಚುಕ್ಕಿ ವೃತ್ತಾನೂ ಇದೆ.

ಯೂನಿಕೋಡ್-ರೇಂಜ್ ಅಂದೆನಲ್ಲ, ಅದು ಫಾಂಟನ್ನ ಕತ್ತರಿಸಲ್ಲ, ಈ ಫೈಲ್ ಈ ಅಕ್ಷರಗಳಿಗೆ ಮಾತ್ರ ಅಂತ ಬ್ರೌಸರಿಗೆ ಹೇಳತ್ತೆ, ಪೇಜಲ್ಲಿ ಆ ಅಕ್ಷರ ಇಲ್ಲ ಅಂದ್ರೆ ಫೈಲ್ ಡೌನ್‌ಲೋಡೇ ಆಗಲ್ಲ. ಕನ್ನಡ ಇಂಗ್ಲಿಷ್ ಬೆರೆತ ಪೇಜಿಗೆ ಇದು ತುಂಬಾ ಒಳ್ಳೇದು. ಒಂದೇ ಫ್ಯಾಮಿಲಿ ಹೆಸರಲ್ಲಿ ಎರಡು @ಫಾಂಟ್-ಫೇಸ್ ಬರೆದು ಒಂದಕ್ಕೆ ಕನ್ನಡದ ರೇಂಜ್, ಇನ್ನೊಂದಕ್ಕೆ ಲ್ಯಾಟಿನ್ ರೇಂಜ್ ಕೊಡಿ. ಹೀಗೆ ಮಾಡ್ದೆ ಫಾಂಟ್-ಫ್ಯಾಮಿಲಿ ಸಾಲಲ್ಲಿ ಇಂಗ್ಲಿಷ್ ಫಾಂಟ್ ಮೊದಲು ಬರೆದ್ರೆ ಕಾಮಾ, ಬ್ರಾಕೆಟ್, 1 2 3 ಎಲ್ಲಾ ಇಂಗ್ಲಿಷ್ ಫಾಂಟಿಂದ ಬರತ್ತೆ, ಕನ್ನಡ ಮೊದಲು ಬರೆದ್ರೆ ಕನ್ನಡ ಫಾಂಟಲ್ಲಿರೋ ಇಂಗ್ಲಿಷ್ ಅಕ್ಷರಗಳೂ ಬಂದ್ಬಿಡತ್ತೆ. ಅಂಕಿಗಳು ಕನ್ನಡ ಅಕ್ಷರದ ಪಕ್ಕದಲ್ಲಿ ತೀರಾ ದೊಡ್ಡದಾಗಿ ಕಾಣೋದು ಬಹಳ ಸಲ ಇದರಿಂದಾನೇ, ಯಾರಿಗೆ ಯಾವುದು ಅಂತ ನಾವೇ ಹಂಚಿಕೊಟ್ರೆ ಸರಿ ಹೋಗತ್ತೆ.

ಸಾಲಿನ ಎತ್ತರ. ಇಂಗ್ಲಿಷಿಗೆ 1.4 ಇಟ್ರೆ ಆರಾಮಾಗಿರತ್ತೆ, ಕನ್ನಡಕ್ಕೆ ಅದು ಉಸಿರುಗಟ್ಟಿಸೋ ಹಾಗೆ. "ಸ್ತ್ರೀ" ನೋಡಿ, ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಇಷ್ಟಕ್ಕೂ ಜಾಗ ಬೇಕಲ್ಲ. ಓದೋ ಪಠ್ಯಕ್ಕೆ ನಾನು ಲೈನ್-ಹೈಟ್ 1.7ರ ಹತ್ರ ಇಡ್ತೀನಿ, ಹೆಡಿಂಗಿಗೂ 1.4ಕ್ಕಿಂತ ಕಮ್ಮಿ ಮಾಡಲ್ಲ, ಪಿಕ್ಸೆಲ್ ಹಾಕ್ದೆ ಬರೀ ಸಂಖ್ಯೆ ಕೊಡ್ತೀನಿ, ಯಾಕಂದ್ರೆ ಫಾಂಟ್ ಸೈಜ್ ಬದಲಾದ್ರೆ ಅದೂ ಜೊತೇಲಿ ಬದಲಾಗತ್ತೆ. ಬಟನ್ ಒಳಗಿನ ಬರಹಕ್ಕೆ ಓವರ್‌ಫ್ಲೋ ಹಿಡನ್ ಹಾಕಿದ್ರಂತೂ ಒತ್ತುಗಳು ಕೆಳಗೆ ಕತ್ತರಿಸಿಹೋಗತ್ತೆ, ಅದನ್ನೊಂದು ಸಲ ಕಣ್ಣಾರೆ ನೋಡ್ಕೊಳ್ಳಿ.

ಲೆಟರ್-ಸ್ಪೇಸಿಂಗ್ ಕನ್ನಡಕ್ಕೆ ಬೇಡ, ಅಕ್ಷರಗಳ ನಡುವೆ ಸಂದು ಬಿದ್ದು ಪದದ ಆಕಾರಾನೇ ಒಡೆದುಹೋಗತ್ತೆ. ಇಂಗ್ಲಿಷ್ ಡಿಸೈನಲ್ಲಿ ಸಣ್ಣ ಲೇಬಲ್‌ಗಳನ್ನ ಎಲ್ಲಾ ಕ್ಯಾಪಿಟಲ್ ಮಾಡಿ ಎಳೆದು ತೋರಿಸ್ತಾರಲ್ಲ, ನಮಗೆ ಕ್ಯಾಪಿಟಲ್ಲೇ ಇಲ್ಲ, ಹಾಗಾಗಿ ಆ ಲೇಬಲ್ ಬೇರೆಯಾಗಿ ಕಾಣ್ಬೇಕು ಅಂದ್ರೆ ಬಣ್ಣ, ತೂಕ, ಗಾತ್ರ ಇವುಗಳಿಂದಾನೇ ಮಾಡ್ಬೇಕು.

ತೂಕ ಅಂದ್ರೆ ಬೋಲ್ಡ್. ಬರೀ ರೆಗ್ಯುಲರ್ ಫೈಲ್ ಹಾಕಿ ಬಿಟ್ರೆ ಹೆಡಿಂಗ್‌ಗಳಿಗೆ ಬ್ರೌಸರ್ ತಾನೇ ಗೆರೆ ದಪ್ಪ ಮಾಡಿ ನಕಲಿ ಬೋಲ್ಡ್ ತಯಾರು ಮಾಡತ್ತೆ, ಹೆಡಿಂಗ್ ಟ್ಯಾಗ್ ಎಲ್ಲಾ ಮೊದಲಿಂದಾನೇ 700 ತೂಕ ಕೇಳೋದ್ರಿಂದ. ಇಂಗ್ಲಿಷಲ್ಲಿ ಅದು ಹೇಗೋ ನಡೆದುಹೋಗತ್ತೆ, ಕನ್ನಡದ ಅಕ್ಷರಗಳು ಗುಂಡಗೆ ಸುತ್ಕೊಂಡಿರೋದ್ರಿಂದ ಒಳಗಿನ ಖಾಲಿ ಜಾಗ ತುಂಬಿಹೋಗಿ ಶ, ಘ, ಭ ಎಲ್ಲಾ ಮಸಿಯ ಮುದ್ದೆ ಹಾಗೆ ಕಾಣತ್ತೆ. ಬೋಲ್ಡ್ ಫೈಲನ್ನ ಅದೇ ಫ್ಯಾಮಿಲಿ ಹೆಸರಲ್ಲಿ, ಫಾಂಟ್-ವೇಟ್ 700 ಅಂತ ಇನ್ನೊಂದು @ಫಾಂಟ್-ಫೇಸಲ್ಲಿ ಕೊಡಿ. ಇಲ್ಲಾ ವೇರಿಯಬಲ್ ಫಾಂಟ್ ತಗೊಳ್ಳಿ, ಅನೇಕ್ ಕನ್ನಡದಲ್ಲಿ ಒಂದೇ ಫೈಲಲ್ಲಿ 100ರಿಂದ 800ರ ತನಕ ಎಲ್ಲಾ ತೂಕ ಬರತ್ತೆ, @ಫಾಂಟ್-ಫೇಸಲ್ಲಿ ತೂಕದ ಜಾಗದಲ್ಲಿ ಎರಡು ಸಂಖ್ಯೆ ಬರೆದ್ರಾಯ್ತು. ಟೈರೋ ಕನ್ನಡ ನನಗೆ ಓದೋಕೆ ತುಂಬಾ ಇಷ್ಟ, ಅದರಲ್ಲಿ ಇಟಾಲಿಕ್ ಇದೆ, ಬೋಲ್ಡ್ ಇಲ್ಲ, ಹಾಗಾಗಿ ಹೆಡಿಂಗಿಗೆ ಬೇರೆ ಫಾಂಟ್ ಹಾಕ್ಬೇಕು ಅಥವಾ ಹೆಡಿಂಗನ್ನ 400 ತೂಕದಲ್ಲೇ ದೊಡ್ಡದಾಗಿ ಇಡ್ಬೇಕು. ಫಾಂಟ್-ಸಿಂಥೆಸಿಸ್ ನನ್ ಅಂತ ಬರೆದ್ರೆ ಬ್ರೌಸರ್ ನಕಲಿ ಬೋಲ್ಡು, ನಕಲಿ ಇಟಾಲಿಕ್ಕು ಎರಡನ್ನೂ ಮಾಡಲ್ಲ, ಕನ್ನಡ ಸೈಟುಗಳಲ್ಲಿ ಇದು ಇರ್ಲೇಬೇಕು ಅಂತೀನಿ.

ಲೋಡ್ ಆಗೋ ಹೊತ್ತು. ಫಾಂಟ್-ಡಿಸ್‌ಪ್ಲೇಗೆ ಬ್ಲಾಕ್ ಅಂತ ಕೊಟ್ರೆ ಫಾಂಟ್ ಬರೋತನಕ ಸುಮಾರು 3 ಸೆಕೆಂಡ್ ಪಠ್ಯಾನೇ ಕಾಣಲ್ಲ, ಸ್ವಾಪ್ ಕೊಟ್ರೆ ಮೊದಲು ಸಿಸ್ಟಮ್ ಫಾಂಟಲ್ಲಿ ಕಂಡು ಆಮೇಲೆ ಬದಲಾಗತ್ತೆ, ಆಪ್ಶನಲ್ ಅಂದ್ರೆ ಬೇಗ ಬಂದ್ರೆ ಸರಿ, ಇಲ್ಲಾಂದ್ರೆ ಈ ಸಲಕ್ಕೆ ಬೇಡ ಅಂತ. ಓದುಗರನ್ನ ಕಾಯಿಸೋದಕ್ಕಿಂತ ನಿರ್ಮಲಾ ಯುಐಲೇ ಓದೋಕೆ ಶುರು ಮಾಡ್ಲಿ ಅನ್ನೋದು ನನ್ನ ಅಭಿಪ್ರಾಯ, ಹಾಗಾಗಿ ಸ್ವಾಪ್. ಆದ್ರೆ ಕನ್ನಡ ಫಾಂಟುಗಳು ಒಂದಕ್ಕೊಂದು ಗಾತ್ರದಲ್ಲಿ ತುಂಬಾ ವ್ಯತ್ಯಾಸ, 16 ಪಿಕ್ಸೆಲ್ ಅಂದ್ರೆ ಒಂದರಲ್ಲಿ ಕಣ್ಣಿಗೆ ಹಿತ, ಇನ್ನೊಂದರಲ್ಲಿ ಕಣ್ಣು ಕಿರಿದು ಮಾಡಿ ನೋಡ್ಬೇಕು, ಆದ್ದರಿಂದ ಬದಲಾದಾಗ ಇಡೀ ಪೇಜ್ ಜಿಗಿಯತ್ತೆ. ಇದಕ್ಕೆ ಸೈಜ್-ಅಡ್ಜಸ್ಟ್ ಇದೆ. ಸಿಸ್ಟಮಲ್ಲಿರೋ ಫಾಂಟನ್ನ ಲೋಕಲ್ ಅಂತ ಕರೆದು ಇನ್ನೊಂದು @ಫಾಂಟ್-ಫೇಸ್ ಮಾಡಿ, ಅದಕ್ಕೆ ಸೈಜ್-ಅಡ್ಜಸ್ಟಲ್ಲಿ ಶೇಕಡಾ ಲೆಕ್ಕ ಕೊಟ್ಟು, ಒಂದೇ ಪ್ಯಾರಾ ಎರಡೂ ಫಾಂಟಲ್ಲಿ ಒಂದೇ ಜಾಗದಲ್ಲಿ ಸಾಲು ಮುರಿಯೋ ತನಕ ಆ ಸಂಖ್ಯೇನ ಹೆಚ್ಚುಕಮ್ಮಿ ಮಾಡ್ತಾ ಹೋಗಿ. ಪ್ರಿಲೋಡ್, ಅಂದ್ರೆ ಫೈಲನ್ನ ಮುಂಚೇನೇ ತರಿಸೋದು, ಮಾಡೋದಾದ್ರೆ ಮುಖ್ಯವಾದ ಒಂದೇ ಫೈಲ್ ಮಾಡಿ, ಕ್ರಾಸ್‌ಒರಿಜಿನ್ ಅನ್ನೋ ಗುಣ ಬರೆಯೋದು ಮರೀಬೇಡಿ, ಅದಿಲ್ಲದಿದ್ರೆ ಫೈಲ್ ನಿಮ್ಮದೇ ಸರ್ವರಲ್ಲಿದ್ರೂ ಎರಡು ಸಲ ಡೌನ್‌ಲೋಡ್ ಆಗತ್ತೆ.

ಫಾಂಟನ್ನ ನಿಮ್ಮ ಸರ್ವರಲ್ಲೇ ಇಟ್ಕೊಳ್ಳಿ. ಎಲ್ಲರೂ ಬಳಸೋ ಸಿಡಿಎನ್ (ಫೈಲ್ ಹಂಚೋ ಸಾಮಾನ್ಯ ಸರ್ವರ್) ಆದ್ರೆ ಓದುಗರ ಬ್ರೌಸರ್ ಉಳಿಸಿಟ್ಕೊಂಡಿರೋ ಕ್ಯಾಶಲ್ಲಿ ಆಗ್ಲೇ ಇರತ್ತೆ ಅನ್ನೋ ಮಾತು ಈಗ ನಡೆಯಲ್ಲ, 2020ರಲ್ಲಿ ಕ್ರೋಮ್ 86ರಿಂದ ಒಂದೊಂದು ಸೈಟಿಗೂ ಕ್ಯಾಶ್ ಬೇರೆಬೇರೆ. ಲೈಸೆನ್ಸ್ ಒಂದು ನೋಡ್ಕೊಳ್ಳಿ, ನೋಟೋ, ಅನೇಕ್, ಬಲೂ ತಮ್ಮ, ಟೈರೋ ಎಲ್ಲಾ ಓಪನ್ ಫಾಂಟ್ ಲೈಸೆನ್ಸಲ್ಲಿ ಇವೆ, ವೆಬ್‌ಗೆ ಹಾಕೋಕೆ ಅಡ್ಡಿ ಇಲ್ಲ. ಕಂಪ್ಯೂಟರ್ ಜೊತೆ ಬಂದ ಫಾಂಟನ್ನ ಕಾಪಿ ಮಾಡಿ ಸರ್ವರಿಗೆ ಹಾಕೋದು ಹಾಗಲ್ಲ, ಅದಕ್ಕೆ ಸಾಮಾನ್ಯವಾಗಿ ಅನುಮತಿ ಇರಲ್ಲ.

ಎಲ್ಲಾ ಆದ್ಮೇಲೆ ಪರೀಕ್ಷೆಗೆ ಅಂತ ಒಂದು ಪೇಜ್ ಇಟ್ಕೊಳ್ಳಿ, ಅದರಲ್ಲಿ ಕಷ್ಟದ ಪದಗಳೇ ಇರ್ಲಿ: ಸ್ತ್ರೀ, ರಾಷ್ಟ್ರೀಯ, ಲಕ್ಷ್ಮೀ, ಜ್ಞಾನ, ಸಾಮರ್ಥ್ಯ, ವೈದ್ಯ, ದೊಡ್ಡ, ಸಾಫ್ಟ್‌ವೇರ್, ರ‍್ಯಾಂಕ್, ಜೊತೆಗೆ 2024 ಮತ್ತು ೨೦೨೪. ಇದನ್ನ ರೆಗ್ಯುಲರಲ್ಲೂ ಬೋಲ್ಡಲ್ಲೂ ಎರಡೆರಡು ಸಾಲು ಬರೋ ಹಾಗೆ ಹಾಕಿ. ಕ್ರೋಮಲ್ಲಿ ಇನ್‌ಸ್ಪೆಕ್ಟ್ ಒತ್ತಿ ಕಂಪ್ಯೂಟೆಡ್ ಟ್ಯಾಬಿನ ಕೆಳಗಡೆ ಹೋದ್ರೆ ರೆಂಡರ್ಡ್ ಫಾಂಟ್ಸ್ ಅಂತ ಇರತ್ತೆ, ಯಾವ ಫಾಂಟಿಂದ ಎಷ್ಟು ಗ್ಲಿಫ್ ಬಂತು, ಅದು ನೆಟ್‌ವರ್ಕಿಂದ ಬಂತಾ ಕಂಪ್ಯೂಟರಲ್ಲೇ ಇದ್ದಿದ್ದಾ ಅಂತ ಅಲ್ಲಿ ತೋರಿಸತ್ತೆ. ಕನ್ನಡ ಮಾತ್ರ ಇರೋ ಪ್ಯಾರಾದಲ್ಲಿ ನಿಮ್ಮ ಫಾಂಟಿನ ಜೊತೆ ಇನ್ನೊಂದು ಹೆಸರು, ಪಕ್ಕದಲ್ಲಿ ಎರಡೋ ಮೂರೋ ಗ್ಲಿಫ್ ಅಂತ ಕಂಡ್ರೆ ಯಾವುದೋ ಕ್ಯಾರೆಕ್ಟರ್ ಸಬ್‌ಸೆಟಲ್ಲಿ ಬಿಟ್ಟುಹೋಗಿದೆ ಅಂತ ಅರ್ಥ, ಪದ ಪದಾನೇ ಆಯ್ಕೆ ಮಾಡಿ ನೋಡ್ತಾ ಹೋದ್ರೆ ಸಿಕ್ಕಿಬಿಡತ್ತೆ. ಸಫಾರಿಲಿ ಅಕ್ಷರ ಜೋಡಿಸೋದು ಆಪಲ್‌ನ ಕೋರ್ ಟೆಕ್ಸ್ಟ್, ಹಾರ್ಫ್‌ಬಜ್ ಅಲ್ಲ, ಅದಕ್ಕೇ ಇದೇ ಪೇಜನ್ನ ಒಂದು ಐಫೋನಲ್ಲೂ ತೆಗೆದು "ಸಾಮರ್ಥ್ಯ"ದ ಅರ್ಕಾವತ್ತು ಎಲ್ಲಿ ಕೂತಿದೆ ಅಂತ ನೋಡಿ.