ಹಸಿರು ಡ್ರಿಲ್ ಬಟ್ಟೆಯ ಕಿಲ್ಟ್

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡಿಸೆಂಬರ್ ಹತ್ತಿರ ಬಂದರೆ ಹೈಸ್ಕೂಲಿನ ಆಟದ ಪಿರಿಯಡ್ಡಿನಲ್ಲಿ ಕುಣಿತ ಶುರುವಾಗುತ್ತದೆ. ಗೇ ಗೋರ್ಡನ್ಸ್, ಡ್ಯಾಶಿಂಗ್ ವೈಟ್ ಸಾರ್ಜೆಂಟ್, ಸ್ಟ್ರಿಪ್ ದ ವಿಲೋ, ಎಲ್ಲವನ್ನೂ ಮೇಷ್ಟ್ರೇ ಹೇಳಿಕೊಡುತ್ತಾರೆ. ಕ್ರಿಸ್‌ಮಸ್ ರಜೆಗೆ ಮುಂಚೆ ಒಂದು ಸಂಜೆ ಮಕ್ಕಳೆಲ್ಲ ಸೇರಿ ಅದನ್ನೇ ಕುಣಿಯುತ್ತಾರೆ. ನನ್ನ ಮಗನಿಗೆ ಅದು ಹೈಸ್ಕೂಲಿನ ಮೊದಲ ವರ್ಷ. "ಅಮ್ಮಾ, ನಂಗೂ ಕಿಲ್ಟ್ ಬೇಕು" ಅಂದ. ಕಿಲ್ಟ್ ಅಂದರೆ ಇಲ್ಲಿನ ಗಂಡಸರು ಉಡುವ, ಹಿಂದೆ ನೆರಿಗೆ ಇರುವ, ಮಂಡಿವರೆಗಿನ ಲಂಗದಂಥ ಉಡುಪು. ಅವನು ಹುಟ್ಟಿದ್ದೇ ಈ ಊರಲ್ಲಿ. ಅವನು ಕೇಳಿದ್ದು ತನ್ನ ಊರಿನ ಬಟ್ಟೆಯನ್ನು. ಅದು ನನಗೆ ತುಂಬಾ ಇಷ್ಟವಾಯಿತು.

ಆದರೆ ಕಿಲ್ಟ್ ಅಗ್ಗದ ಬಟ್ಟೆಯಲ್ಲ. ದೊಡ್ಡವರ ಒಂದು ಸರಿಯಾದ ಕಿಲ್ಟ್‌ಗೆ ಎಂಟು ಗಜ ಉಣ್ಣೆ ಬಟ್ಟೆ ಹೋಗುತ್ತದೆ. ಅಂದರೆ ಏಳು ಮೀಟರಿಗೂ ಜಾಸ್ತಿ. ಕೈಯಲ್ಲೇ ಹೊಲಿದದ್ದಾದರೆ 500 ಪೌಂಡ್ ಆಸುಪಾಸು ಬೀಳುತ್ತದೆ. ಆ ಕೆಲಸಕ್ಕೆ ಆ ಬೆಲೆ ಸಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಒಳ್ಳೆಯ ಕಿಲ್ಟ್ ಅಪ್ಪನಿಂದ ಮಗನಿಗೆ ಬರುವಷ್ಟು ಬಾಳುತ್ತದೆ. ಆದರೆ ಹನ್ನೆರಡು ವರ್ಷದ, ತಿಂಗಳು ತಿಂಗಳಿಗೂ ಉದ್ದವಾಗುತ್ತಿರುವ ಹುಡುಗನಿಗೆ ಅಷ್ಟು ಖರ್ಚು ಮಾಡುವುದು ಹೇಗೆ? ಬಾಡಿಗೆಗೆ ಸಿಗುತ್ತದೆ, ನಿಜ. ಆದರೆ ನಾನು ಹೊಲಿಗೆ ಬಲ್ಲವಳು. ಮನೆಯಲ್ಲಿ ಮಿಷನ್ ಇದೆ. ರವಿಕೆ, ಲಂಗ, ಕುರ್ತಾ ಎಲ್ಲ ಹೊಲಿದ ಕೈ ಇದು. ನಾನೇ ಹೊಲಿಯುತ್ತೇನೆ ಅಂತ ತೀರ್ಮಾನ ಮಾಡಿದೆ.

ಬಟ್ಟೆ ಆರಿಸುವುದಕ್ಕೇ ಬಹಳ ಯೋಚನೆ ಮಾಡಿದೆ. ಪ್ರವಾಸಿಗಳು ಓಡಾಡುವ ಬೀದಿಗಳಲ್ಲಿ ಅಕ್ರಿಲಿಕ್ ಕಿಲ್ಟ್‌ಗಳು ಅಗ್ಗಕ್ಕೆ ಸಿಗುತ್ತವೆ. ಮುಟ್ಟಿದರೆ ತೆಳು, ನೆರಿಗೆಯೂ ಆಳವಿಲ್ಲ, ತಿರುಗಿದರೆ ಬೀಸುವುದಿಲ್ಲ. ಟಾರ್ಟನ್, ಅಂದರೆ ಕಿಲ್ಟ್‌ನ ಬಣ್ಣಬಣ್ಣದ ಚೌಕಳಿಯನ್ನು, ಮೇಲೆ ಪ್ರಿಂಟ್ ಮಾಡಿದ ಹತ್ತಿ ಬಟ್ಟೆಯೂ ಇತ್ತು. ಅದನ್ನು ನಾನು ಬೇಡ ಅಂದೆ. ನಿಜವಾದ ಟಾರ್ಟನ್‌ನಲ್ಲಿ ಆ ಗೆರೆಗಳು ಹಾಸು ಹೊಕ್ಕಿನಲ್ಲೇ ನೇಯ್ದು ಬಂದಿರುತ್ತವೆ. ಅಗ್ಗದ ಬಟ್ಟೆ ತಾನು ಅಗ್ಗದ ಬಟ್ಟೆ ಅಂತಲೇ ಕಾಣಬೇಕು, ಉಣ್ಣೆಯ ವೇಷ ಹಾಕಬಾರದು ಅನ್ನುವುದು ನನ್ನ ಹಟ. ಕೊನೆಗೆ ಒಂದು ಬಟ್ಟೆ ಅಂಗಡಿಯ ಉಳಿಕೆ ತುಂಡುಗಳ ಮೂಲೆಯಲ್ಲಿ ಪಾಚಿ ಹಸಿರು ಬಣ್ಣದ ಹತ್ತಿ ಡ್ರಿಲ್ ಸಿಕ್ಕಿತು. ಒಂದೂವರೆ ಮೀಟರ್ ಪನ್ನ, ಎರಡೂಕಾಲು ಮೀಟರ್ ಉದ್ದ. ನಮ್ಮ ಕಡೆ ಶಾಲೆಯ ಖಾಕಿ ಚಡ್ಡಿಗೆ ಬಳಸುತ್ತಿದ್ದರಲ್ಲ, ಅದೇ ಜಾತಿಯ ಬಟ್ಟೆ. ಹತ್ತಿರದಿಂದ ನೋಡಿದರೆ ಡ್ರಿಲ್‌ನಲ್ಲಿ ಸಣ್ಣ ಓರೆಗೆರೆಗಳು ಕಾಣುತ್ತವೆ. ಟಾರ್ಟನ್ ನೇಯ್ಗೆಯಲ್ಲೂ ಆ ಓರೆ ಇದೆ. ಅದನ್ನು ನೋಡಿದ ಮೇಲೆ ಮನಸ್ಸು ಗಟ್ಟಿಯಾಯಿತು.

ಚೌಕಳಿ ಇಲ್ಲದ ಕಿಲ್ಟ್ ಕಿಲ್ಟೇ ಅಲ್ಲ ಅನ್ನುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಲಂಡನ್ ಸ್ಕಾಟಿಷ್ ರೆಜಿಮೆಂಟಿನವರು ಹಾಡನ್ ಗ್ರೇ ಅನ್ನುವ ಒಂದೇ ಬಣ್ಣದ ಕಿಲ್ಟ್ ತೊಟ್ಟೇ ಹೆಸರು ಮಾಡಿದವರು. ಐರ್ಲೆಂಡಿನ ಬ್ಯಾಗ್‌ಪೈಪ್ ವಾದಕರು ಕೇಸರಿ ಕಿಲ್ಟ್ ಉಡುತ್ತಾರೆ, ಅದರಲ್ಲೂ ಗೆರೆ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸ್ಕಾಟಿಷ್ ಸೈನಿಕರು ಟಾರ್ಟನ್ ಬಣ್ಣ ದೂರಕ್ಕೆ ಕಾಣಬಾರದು ಅಂತ ಕಿಲ್ಟ್ ಮೇಲೆ ಖಾಕಿ ಏಪ್ರನ್ ಕಟ್ಟಿಕೊಂಡು ಹೋರಾಡಿದರು. ಇನ್ನು ಒಂದೊಂದು ಮನೆತನಕ್ಕೆ ಒಂದೊಂದು ಟಾರ್ಟನ್ ಅನ್ನುವ ಕಟ್ಟುನಿಟ್ಟು ಬಲವಾಗಿದ್ದು 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದ ಮೇಲೆ. ಅದಕ್ಕೂ ಮುಂಚೆ, 1746ರ ಕಾನೂನಿನಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆಯಾದ ಹೈಲ್ಯಾಂಡಿನ ಗಂಡಸರು, ಹುಡುಗರು ಈ ಉಡುಪು ತೊಡುವುದನ್ನೇ ನಿಷೇಧಿಸಿದ್ದರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ನಿಷೇಧ ತೆಗೆದದ್ದು 1782ರಲ್ಲಿ. ಮೂವತ್ತಾರು ವರ್ಷ! ಅಷ್ಟು ಕಾಲ ಬಚ್ಚಿಟ್ಟು ಉಳಿಸಿಕೊಂಡ ಉಡುಪು ಇದು. ಅಂಥದ್ದನ್ನು ಹೊಲಿಯುವಾಗ ಬಟ್ಟೆ ಅಗ್ಗವಾದರೂ ಕೆಲಸ ಅಗ್ಗವಾಗಬಾರದು ಅಲ್ವಾ?

ಬಟ್ಟೆಯನ್ನು ಮೊದಲು ಬಿಸಿನೀರಲ್ಲಿ ಒಗೆದು ಒಣಗಿಸಿದೆ. ಹತ್ತಿ ಕುಗ್ಗುವುದಾದರೆ ಹೊಲಿಯುವ ಮೊದಲೇ ಕುಗ್ಗಲಿ. ಶನಿವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಊಟದ ಮೇಜಿನ ಮೇಲೆ ಹಾಸಿ, ಟೇಪು ಹಿಡಿದು ಮಗನನ್ನು ನಿಲ್ಲಿಸಿದೆ. ಕಿಲ್ಟನ್ನು ಪ್ಯಾಂಟಿನ ಹಾಗೆ ಸೊಂಟದ ಮೂಳೆಯ ಮೇಲೆ ಕಟ್ಟುವುದಲ್ಲ. ಅದು ಹೊಕ್ಕುಳಿನ ಮಟ್ಟಕ್ಕೆ ಬರಬೇಕು. ಕೆಳಗೆ ಮಂಡಿಯ ಹತ್ತಿರ ನಿಲ್ಲಬೇಕು. ನಡು 68 ಸೆಂಟಿಮೀಟರ್, ಪೃಷ್ಠದ ಸುತ್ತಳತೆ 80. ಉದ್ದವನ್ನು ಮಂಡಿಚಿಪ್ಪಿನ ನಡುವಿಗೆ ಬರುವಂತೆ ಇಟ್ಟೆ. ಮುಂದಿನ ವರ್ಷ ಅವನು ಬೆಳೆದಾಗ ಅದು ಮಂಡಿಯ ಮೇಲಕ್ಕೆ ಹೋಗಿ ನಿಲ್ಲುತ್ತದೆ, ಆಗಲೂ ಚೆನ್ನಾಗಿಯೇ ಕಾಣುತ್ತದೆ.

ಇನ್ನು ಲೆಕ್ಕ. ಕಿಲ್ಟ್‌ನ ಜೀವ ಇರುವುದೇ ಲೆಕ್ಕದಲ್ಲಿ. ಬಟ್ಟೆಯ ಉದ್ದ ಮೈ ಸುತ್ತ ಹೋಗುತ್ತದೆ, ಪನ್ನ ಮೇಲಿಂದ ಕೆಳಗೆ ಬರುತ್ತದೆ. ಅದಕ್ಕೇ ಪನ್ನವನ್ನು ಮಧ್ಯಕ್ಕೆ ಉದ್ದಕ್ಕೂ ಸೀಳಿ ಎರಡು ಪಟ್ಟಿ ಮಾಡಿ, ಒಂದರ ತುದಿಗೆ ಇನ್ನೊಂದನ್ನು ಜೋಡಿಸಬೇಕು. ಈಗ ನನ್ನ ಕೈಯಲ್ಲಿ ನಾಲ್ಕೂವರೆ ಮೀಟರಿನ ಪಟ್ಟಿ. ಮುಂದೆ ಒಂದರ ಮೇಲೊಂದು ಬರುವ ಎರಡು ಸಾದಾ ಭಾಗಗಳಿಗೆ (ಇವನ್ನೂ ಏಪ್ರನ್ ಅಂತಲೇ ಕರೆಯುತ್ತಾರೆ), ಪಕ್ಕದ ದೊಡ್ಡ ಮಡಿಕೆಗಳಿಗೆ ಅಂತ 130 ಸೆಂಟಿಮೀಟರ್ ತೆಗೆದಿಟ್ಟೆ. ಉಳಿದದ್ದು ಹಿಂದಿನ ನೆರಿಗೆಗೆ. ಹಿಂಭಾಗದ ಅಳತೆ 40. ಎರಡೆರಡು ಸೆಂಟಿಮೀಟರ್ ಕಾಣುವ ಇಪ್ಪತ್ತು ನೆರಿಗೆ. ಒಂದೊಂದಕ್ಕೂ 16 ಸೆಂಟಿಮೀಟರ್ ಬಟ್ಟೆ. ಕಣ್ಣಿಗೆ ಕಾಣುವುದು ಎರಡು, ಒಳಗೆ ಅಡಗಿರುವುದು ಹದಿನಾಲ್ಕು. ಜೋಡಿಸಿದ ಹೊಲಿಗೆಯೂ ಒಂದು ನೆರಿಗೆಯೊಳಗೆ ಮರೆಯಾಗಬೇಕು. ಸೀರೆ ಉಡುವಾಗ ಬೆರಳುಗಳೇ ಅಳತೆಗೋಲು, ಒಂದು ನೆರಿಗೆ ಸ್ವಲ್ಪ ದೊಡ್ಡದಾದರೂ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಟಾರ್ಟನ್ ಆಗಿದ್ದರೆ ಗೆರೆಗಳೇ ದಾರಿ ತೋರಿಸುತ್ತಿದ್ದವು. ಒಂದೇ ಬಣ್ಣದ ಬಟ್ಟೆಯಲ್ಲಿ ಪ್ರತಿಯೊಂದು ಮಡಿಕೆಯನ್ನೂ ಚಾಕಿನಲ್ಲಿ, ಮೇಲೊಂದು ಕೆಳಗೊಂದು ಗುರುತು ಹಾಕಿ, ಸ್ಕೇಲಿಟ್ಟು ಗೆರೆ ಎಳೆಯಬೇಕು.

ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ವಯಸ್ಸಿನಲ್ಲಿದ್ದಾಗ ಕಿಲ್ಟ್ ಹೊಲಿಯುವ ಕಡೆ ಕೆಲಸ ಮಾಡಿದವರು. ವಿಷಯ ಗೊತ್ತಾಗಿ ತಮ್ಮ ಕನ್ನಡಕ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಒಂದು ಹಳೆಯ ಬೆರಳುಟೋಪಿ ತೆಗೆದುಕೊಂಡು ಮೇಲೆ ಬಂದರು. ಡ್ರಿಲ್ ಬಟ್ಟೆ ನೋಡಿ ಮುಖ ಸಿಂಡರಿಸುತ್ತಾರೇನೋ ಅಂದುಕೊಂಡಿದ್ದೆ. ಇಲ್ಲ. ಎರಡು ಬೆರಳ ನಡುವೆ ಉಜ್ಜಿ ನೋಡಿ, "ಇದು ಇಸ್ತ್ರಿ ಕೇಳುತ್ತೆ, ಆದರೆ ಹಿಡಿದಿಟ್ಟುಕೊಳ್ಳಲ್ಲ" ಅಂದರು. ಉಣ್ಣೆಗೆ ನೆರಿಗೆಯ ನೆನಪು ಬಹಳ ದಿನ ಇರುತ್ತದೆ. ಹತ್ತಿಗೆ ಕೂತು ಎದ್ದರೆ ಸಾಕು, ಮುದುರು. ಅದಕ್ಕೆ ಉಪಾಯವನ್ನೂ ಅವರೇ ಹೇಳಿದರು. ಪ್ರತಿ ನೆರಿಗೆಯ ಮಡಿಕೆಯ ಅಂಚಿಗೆ, ಮೇಲಿನಿಂದ ಕೆಳಗಿನವರೆಗೂ, ಅಂಚಿನಿಂದ ಎರಡು ಮಿಲಿಮೀಟರ್ ಬಿಟ್ಟು ಒಂದು ಮಿಷನ್ ಹೊಲಿಗೆ. ಹೊರಗಿನ ಮಡಿಕೆಗೂ, ಒಳಗಿನ ಮಡಿಕೆಗೂ. ಆಮೇಲೆ ಮಡಿಕೆ ಎಲ್ಲೂ ಹೋಗುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 2000ನೇ ಇಸವಿಯಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ಕಂಪನಿಯವರು ದಪ್ಪ ಹತ್ತಿಯಲ್ಲಿ ಕಿಲ್ಟ್ ಮಾಡುತ್ತಾ ಬಂದವರು. ಹತ್ತಿಯಲ್ಲಿ ಕಿಲ್ಟ್ ಆಗುವುದಿಲ್ಲ ಅನ್ನುವ ಮಾತು ಅಲ್ಲಿಗೇ ಮುಗಿಯಿತು.

ಅಂಚಿನ ವಿಷಯದಲ್ಲಿ ನಾವಿಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಉಣ್ಣೆಯ ಕಿಲ್ಟ್‌ನ ಕೆಳಗೆ ಮಡಚಿ ಹೊಲಿಯುವುದೇ ಇಲ್ಲ. ಮಗ್ಗದಲ್ಲಿ ಬಂದ ಅಂಚೇ ಕೆಳಗಡೆ ಬರುತ್ತದೆ. ಅದಕ್ಕೆಂದೇ ಗಿರಣಿಗಳಲ್ಲಿ ಅಂಚನ್ನು ಗಟ್ಟಿಯಾಗಿ, ಚೊಕ್ಕವಾಗಿ ನೇಯುತ್ತಾರೆ. ನನ್ನ ಡ್ರಿಲ್‌ನ ಅಂಚಿನಲ್ಲಿ ದಾರ ಹೊರಗೆ ಬಿದ್ದಿತ್ತು, ಉದ್ದಕ್ಕೂ ಸಣ್ಣ ತೂತುಗಳಿದ್ದವು. ಅದನ್ನು ಕತ್ತರಿಸಲೇಬೇಕು, ಮಡಚಲೇಬೇಕು. ನನಗೆ ನಮ್ಮ ಊರಿನ ಅಭ್ಯಾಸ. ಬೆಳೆಯುವ ಮಕ್ಕಳ ಲಂಗಕ್ಕೆ ಕೆಳಗೆ ಅಗಲವಾದ ಮಡಿಕೆ ಕೊಟ್ಟು, ಆಮೇಲೆ ಬಿಚ್ಚಿ ಉದ್ದ ಮಾಡುವುದು. ಹಾಗೇ ಮಾಡೋಣ ಅಂದೆ. ಅಜ್ಜಿ ಬೇಡ ಅಂದರು. ಬಟ್ಟೆಯ ಕೊನೆಯನ್ನು ಮೂರು ನಾಲ್ಕು ಸಲ ಮಡಚಿ ಒಂದರ ಮೇಲೊಂದು ಇಟ್ಟು, ಪಕ್ಕದಿಂದ ನೋಡು ಅಂದರು. ಅಗಲ ಮಡಿಕೆ ಇದ್ದ ಕಡೆ ದಪ್ಪ ದುಪ್ಪಟ್ಟಾಗಿ ನೆರಿಗೆಗಳು ಬಾಯಿ ಬಿಟ್ಟುಕೊಂಡಿದ್ದವು. ಸರಿ, ಅರ್ಧ ಸೆಂಟಿಮೀಟರಿನ ಸಣ್ಣ ಮಡಿಕೆ ಕೊಟ್ಟೆ. ಇದನ್ನು ನೆರಿಗೆ ಹಾಕುವ ಮೊದಲೇ, ಪಟ್ಟಿ ಚಪ್ಪಟೆಯಾಗಿರುವಾಗಲೇ ಮುಗಿಸಿಕೊಳ್ಳಬೇಕು.

ಆಮೇಲೆ ಬಂತು ನಿಜವಾದ ಕೆಲಸ. ಪೃಷ್ಠದ ಹತ್ತಿರ ನೆರಿಗೆ ಎರಡು ಸೆಂಟಿಮೀಟರ್. ನಡುವಿನ ಹತ್ತಿರ ಹಿಂಭಾಗ 34 ಮಾತ್ರ, ಅಂದರೆ ಒಂದೊಂದು ನೆರಿಗೆ 1.7 ಆಗಬೇಕು. ಹದಿನೇಳು ಸೆಂಟಿಮೀಟರ್ ಎತ್ತರದಲ್ಲಿ ಮೂರು ಮಿಲಿಮೀಟರ್ ಕಿರಿದಾಗಬೇಕು, ಅದೂ ಕಣ್ಣಿಗೆ ಗೊತ್ತಾಗದ ಹಾಗೆ. ಇಪ್ಪತ್ತು ನೆರಿಗೆಗೂ ಅದೇ ಅಳತೆ. ಒಂದೊಂದರಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಕೊನೆಗೆ ಒಂದು ಸೆಂಟಿಮೀಟರ್ ವ್ಯತ್ಯಾಸ. ಈ ಭಾಗವನ್ನು ಮಿಷನ್‌ಗೆ ಕೊಡಲಿಲ್ಲ, ಕೈಯಲ್ಲೇ ಹೊಲಿದೆ. ಮಡಿಕೆಯ ಅಂಚಿನ ಎರಡೇ ಎಳೆಯನ್ನು ಸೂಜಿಯಲ್ಲಿ ಎತ್ತಿ, ಕೆಳಗಿನ ಪದರಕ್ಕೆ ಚುಚ್ಚಿ, ದಾರವನ್ನು ಬಿಗಿಯಾಗಿ ಎಳೆಯಬೇಕು. ಜಾಸ್ತಿ ಎಳೆದರೆ ಬಟ್ಟೆ ಸುಕ್ಕು, ಕಡಿಮೆ ಎಳೆದರೆ ಹೊಲಿಗೆ ಇಣುಕುತ್ತದೆ. ಡ್ರಿಲ್ ಬಿಗಿ ನೇಯ್ಗೆಯ ಬಟ್ಟೆ, ಸೂಜಿ ಸುಲಭಕ್ಕೆ ಇಳಿಯುವುದಿಲ್ಲ. ಅಜ್ಜಿಯ ಬೆರಳುಟೋಪಿ ಇಲ್ಲದಿದ್ದರೆ ಬೆರಳು ಉಳಿಯುತ್ತಿರಲಿಲ್ಲ. ಅವರು ಪಕ್ಕದಲ್ಲೇ ಕೂತು ಟೀ ಕುಡಿಯುತ್ತಾ, ನಾಲ್ಕು ನೆರಿಗೆಗೊಮ್ಮೆ ಟೇಪು ಇಟ್ಟು ಅಳೆದು ತಲೆಯಾಡಿಸುತ್ತಿದ್ದರು. ಚಳಿಗಾಲದಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ದೀಪ ಹಾಕಿಕೊಂಡು ಮುಂದುವರಿಸಿದೆ. ಮನೆಯವರು ಅನ್ನ ಸಾರು ಮಾಡಿದರು.

ಕಚ್ಚಾ ಹೊಲಿಗೆಯಲ್ಲಿ ನೆರಿಗೆಗಳನ್ನು ಕೆಳಗಿನವರೆಗೂ ಕಟ್ಟಿಹಾಕಿ, ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಉಜ್ಜಬಾರದು, ಇಟ್ಟು ಒತ್ತಬೇಕು. ಒಳಗಡೆ ನಡುವಿನಿಂದ ಪೃಷ್ಠದವರೆಗೆ ಗಟ್ಟಿ ಕ್ಯಾನ್ವಾಸ್ ಕೊಟ್ಟು, ಮೇಲೆ ಹಳೆಯ ಕಾಟನ್ ಬೆಡ್‌ಶೀಟಿನ ಲೈನಿಂಗ್ ಹಾಕಿದೆ. ಈ ಕ್ಯಾನ್ವಾಸ್ ಮಾತ್ರ ಬಿಡಬೇಡಿ. ಬಟ್ಟೆಯ ಭಾರವನ್ನೆಲ್ಲ ಹೊರುವುದು ಅದೇ. ಪಟ್ಟಿಯಲ್ಲಿ ಉಳಿದ ಬಟ್ಟೆ ನಡುಪಟ್ಟಿಗೆ ಸರಿಹೋಯಿತು. ಮೂರು ಚರ್ಮದ ಬೆಲ್ಟುಗಳನ್ನು ಬಕಲ್ ಸಮೇತ ಹಳೆಯ ಬ್ಯಾಗುಗಳಿಂದ ಬಿಚ್ಚಿಕೊಂಡೆ. ಎಡಕ್ಕೆ ಒಂದು, ಬಲಕ್ಕೆ ಎರಡು. ಮೇಲಿನ ಏಪ್ರನ್ನಿನ ಅಂಚು ಬಲಗಡೆ ಬರಬೇಕು, ಅಲ್ಲಿಗೆ ದಾರ ಬಿಡಿಸಿದ ಕುಚ್ಚು. ಏಪ್ರನ್ನಿಗೆ ಹಾಕುವ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು ಅಂತ ಅಜ್ಜಿ ಮಗನಿಗೇ ಕರೆದು ಹೇಳಿದರು. ಎರಡೂ ಪದರ ಸೇರಿಸಿ ಚುಚ್ಚಿದರೆ ಕುಣಿಯುವಾಗ ಬಟ್ಟೆ ಹರಿಯುತ್ತದೆ. ಕಿಲ್ಟ್ ಮುಂದೆ ನೇತುಹಾಕುವ ಚೀಲ, ಅಂದರೆ ಸ್ಪೊರನ್, ಮತ್ತು ಉದ್ದ ಕಾಲುಚೀಲ ಅವನ ಗೆಳೆಯನ ಅಣ್ಣನದು.

ಭಾನುವಾರ ಸಂಜೆ ಕಚ್ಚಾ ದಾರ ಬಿಚ್ಚಿದೆ. ಮಗ ಉಟ್ಟುಕೊಂಡು ನಡುಮನೆಯಲ್ಲಿ ಗರ್ರನೆ ತಿರುಗಿದ. ಇಪ್ಪತ್ತು ನೆರಿಗೆಯೂ ಒಟ್ಟಿಗೆ ಬಿಚ್ಚಿಕೊಂಡು, ನಿಂತ ಕೂಡಲೇ ಒಟ್ಟಿಗೆ ಮಡಚಿಕೊಂಡವು. ಅಜ್ಜಿ ಚಪ್ಪಾಳೆ ತಟ್ಟಿದರು. ಶಾಲೆಯ ಕುಣಿತದ ದಿನ ಹಾಲ್‌ನಲ್ಲಿ ಕೆಂಪು, ನೀಲಿ, ಹಳದಿ ಟಾರ್ಟನ್‌ಗಳ ನಡುವೆ ಅವನ ಹಸಿರು ಎದ್ದು ಕಾಣುತ್ತಿತ್ತಂತೆ. ಸ್ಟ್ರಿಪ್ ದ ವಿಲೋದಲ್ಲಿ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರ ಕೈ ಹಿಡಿದು ತಿರುಗುತ್ತಾ ಹೋಗಬೇಕು. ಕಿಲ್ಟ್‌ಗೆ ಅದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಮನೆಗೆ ಬಂದ ಮೇಲೆ ನಾನು ಮೊದಲು ನೋಡಿದ್ದು ನೆರಿಗೆಯ ಹೊಲಿಗೆ. ಒಂದು ದಾರವೂ ಬಿಟ್ಟಿರಲಿಲ್ಲ. ಮಿಷನ್‌ನಲ್ಲಿ ತಣ್ಣೀರಲ್ಲೇ ಒಗೆದೆ. ಉಣ್ಣೆಯ ಕಿಲ್ಟನ್ನು ಹೀಗೆ ಒಗೆಯುವ ಧೈರ್ಯ ಯಾರಿಗಿದೆ ಹೇಳಿ.

ಈಗ ನಮ್ಮ ಮನೆಯವರಿಗೂ ಒಂದು ಬೇಕಂತೆ, ಅದೂ ಜೀನ್ಸ್ ಬಟ್ಟೆಯಲ್ಲಿ. ಜೀನ್ಸ್ ದಪ್ಪ, ಇಷ್ಟು ಆಳದ ನೆರಿಗೆಯನ್ನು ಒಂದರ ಮೇಲೊಂದು ಪೇರಿಸಿದರೆ ಕೂರುವುದೇ ಕಷ್ಟ. ಅದಕ್ಕೆ ಎರಡೂ ಕಡೆಗೆ ಮಡಚುವ ಅಗಲವಾದ ನೆರಿಗೆ, ಅಂದರೆ ಬಾಕ್ಸ್ ಪ್ಲೀಟ್, ನಾಲ್ಕು ಗಜ ಸಾಕು ಅಂತ ಅಜ್ಜಿಯ ಸಲಹೆ. ಅಳತೆ ತೆಗೆದು ಬರೆದಿಟ್ಟುಕೊಂಡಿದ್ದೇನೆ. ಜನವರಿ ಸೇಲ್‌ನಲ್ಲಿ ಬಟ್ಟೆ ನೋಡಬೇಕು.