ಬಿಬಿಸಿ ಮೈಕ್ರೋ ಮೋಡೆಮ್ ಮೂಲಕ ಮಾತನಾಡಿದ ದಿನ

ಬಿಬಿಸಿ ಮೈಕ್ರೋ ಗಣಕದ ಹಿಂಬದಿಯಲ್ಲಿ ಆರ್‌ಎಸ್423 ಎಂಬ ಹೆಸರಿನ ದುಂಡನೆಯ ಸಾಕೆಟ್ ಒಂದಿದೆ. ಅದೇ ಈ ಯಂತ್ರದ ಸೀರಿಯಲ್ ಪೋರ್ಟ್, ಅಂದರೆ ಡೇಟಾವನ್ನು ಒಂದೊಂದೇ ಬಿಟ್‌ನಂತೆ ಸಾಲಾಗಿ ಸಾಗಿಸುವ ಕಿಂಡಿ. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ, 32 ಕೆಬಿ ಮೆಮೊರಿಯ ಈ ಗಣಕ 1984–85ರಲ್ಲಿ ಆರಂಭವಾದ, ಶಾಲಾ ಮಕ್ಕಳಿಗೆ ಗಣಕ ಪರಿಚಯಿಸುವ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಬಂದಿತ್ತು. ಮೈಸೂರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದ ನನ್ನ ಸೋದರಮಾವ, ಶಾಲೆಯವರು ಹಳೆಯ ಸಾಮಾನನ್ನು ಹರಾಜಿಗೆ ಹಾಕಿದಾಗ ಅಂಥದ್ದೊಂದನ್ನು ಕೊಂಡು ಅಟ್ಟದ ಮೇಲಿಟ್ಟಿದ್ದರು. ಅದನ್ನು ಬೆಂಗಳೂರಿಗೆ ತಂದು, ಪವರ್ ಸಪ್ಲೈಯ ಹಳೆಯ ಕೆಪಾಸಿಟರ್‌ಗಳನ್ನು ಬದಲಿಸಿ, ಯಂತ್ರ ಸರಿಯಾಗಿ ಏಳುತ್ತದೆಂದು ಖಾತ್ರಿಯಾದ ಮೇಲೆ, ಡಯಲ್-ಅಪ್ ಕಾಲದ ನನ್ನ ಮೋಡೆಮ್ಮನ್ನು (ಗಣಕದ ಡೇಟಾವನ್ನು ಸದ್ದಾಗಿಸಿ ಫೋನ್ ತಂತಿಯಲ್ಲಿ ಕಳಿಸುವ ಪೆಟ್ಟಿಗೆ) ಇದಕ್ಕೆ ಜೋಡಿಸಬೇಕೆಂಬ ಹುಕಿ ಹುಟ್ಟಿತು.

ಮೊದಲ ತೊಡಕು ಪ್ಲಗ್ಗಿನದು. ಈ ಸಾಕೆಟ್ಟಿನ ಐದು ತೂತುಗಳು ದಾಳದ ಐದರ ಮುಖದಂತೆ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂಬಂತೆ ಇವೆ. ಎಸ್.ಪಿ. ರಸ್ತೆಯ ಅಂಗಡಿಯವರು ಡಬ್ಬಿಯನ್ನೆಲ್ಲ ಕೆದಕಿ, “ಐದು ಪಿನ್ನಿಂದು ಇದೊಂದೇ ಸಾರ್, ಟೇಪ್ ರೆಕಾರ್ಡರ್‌ದು, ಬೇಕಾದ್ರೆ ಒತ್ತಿ ನೋಡಿ” ಎಂದು ಅರ್ಧಚಂದ್ರಾಕಾರದಲ್ಲಿ ಪಿನ್ ಇರುವ ಆಡಿಯೋ ಪ್ಲಗ್ಗನ್ನು ಮುಂದಿಟ್ಟರು. ಒತ್ತಿ ನೋಡುವ ವಸ್ತು ಅದಲ್ಲವಾದ್ದರಿಂದ ಸರಿಯಾದುದನ್ನು ಇಂಗ್ಲೆಂಡಿನಿಂದಲೇ ತರಿಸಬೇಕಾಯಿತು. ಆ ಪ್ಲಗ್ಗಿಗೂ ಒಂದು ಕುಚೋದ್ಯವಿದೆ: ಅದನ್ನು ತಲೆಕೆಳಗಾಗಿಯೂ ತೂರಿಸಬಹುದು. ನಡುವಿನ ಪಿನ್ ಗ್ರೌಂಡಿನದು, ಹೇಗೆ ತೂರಿಸಿದರೂ ಅದು ಅಲ್ಲೇ ಉಳಿಯುತ್ತದೆ, ಮಿಕ್ಕ ನಾಲ್ಕೂ ಅದಲುಬದಲಾಗುತ್ತವೆ. ಹೀಗಾಗಿ ಮೇಲ್ಭಾಗಕ್ಕೆ ಬಿಳಿ ಬಣ್ಣದ ಚುಕ್ಕಿಯೊಂದನ್ನು ಇಟ್ಟ ಬಳಿಕವೇ ಬೆಸುಗೆಗೆ ಕೈಹಾಕಿದೆ.

ಮೋಡೆಮ್ಮಿನ ತುದಿಯಲ್ಲಿರುವುದು 25 ಪಿನ್ನಿನ ಕನೆಕ್ಟರ್. ಗಣಕದಿಂದ ಹೊರಡುವ ಡೇಟಾ 2ನೇ ಪಿನ್ನಿಗೆ, ಗಣಕಕ್ಕೆ ಬರಬೇಕಾದ ಡೇಟಾ 3ರಿಂದ, ಗ್ರೌಂಡ್ 7ಕ್ಕೆ. ಬರೀ ಈ ಮೂರು ತಂತಿಯಿಂದ ಕೆಲಸ ಸಾಗೀತೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ, ಆದರೆ ಬಿಬಿಸಿ ಮೈಕ್ರೋ ಅದನ್ನು ಒಪ್ಪುವುದಿಲ್ಲ. ಅದರೊಳಗೆ ಸೀರಿಯಲ್ ಪೋರ್ಟನ್ನು ನಡೆಸುವ 6850 ಚಿಪ್, ಸಿಟಿಎಸ್ ತಂತಿಯಲ್ಲಿ ‘ಕಳಿಸಬಹುದು’ ಎಂಬ ಸೂಚನೆ ಬರುವ ತನಕ ಒಂದಕ್ಷರವನ್ನೂ ಹೊರಗೆ ಬಿಡದು. ಆದ್ದರಿಂದ, ತಾನು ಸ್ವೀಕರಿಸಲು ಸಿದ್ಧ ಎಂದು ಗಣಕ ಮೋಡೆಮ್ಮಿಗೆ ತಿಳಿಸುವ ಆರ್‌ಟಿಎಸ್ ತಂತಿಯನ್ನು 4ಕ್ಕೂ ಸಿಟಿಎಸ್ ತಂತಿಯನ್ನು 5ಕ್ಕೂ ಬೆಸೆದೆ. ಇನ್ನು ಡಿಟಿಆರ್, ಅಂದರೆ ಗಣಕ ಎಚ್ಚರವಾಗಿದೆ ಎಂದು ಮೋಡೆಮ್ಮಿಗೆ ತಿಳಿಸುವ 20ನೇ ಪಿನ್. ಅದಕ್ಕೆ ಹೊಂದುವ ತಂತಿ ಬಿಬಿಸಿಯ ಕಡೆ ಇಲ್ಲವೇ ಇಲ್ಲ. ಮೋಡೆಮ್ ತಾನೇ ಹೊರಡಿಸುವ 6ನೇ ಪಿನ್ನಿನ ಸಂಕೇತವನ್ನು ಕನೆಕ್ಟರಿನೊಳಗೇ ಗಿಡ್ಡ ತಂತಿಯೊಂದರಿಂದ 20ಕ್ಕೆ ತಿರುಗಿಸಿಕೊಟ್ಟೆ. ತನ್ನ ದನಿಯನ್ನೇ ಕೇಳಿಸಿಕೊಂಡು ಅದು ಸಮಾಧಾನಗೊಳ್ಳುತ್ತದೆ. ವೋಲ್ಟೇಜಿನ ವಿಷಯದಲ್ಲಿ ತಕರಾರು ಬರಲಿಲ್ಲ. ಆರ್‌ಎಸ್423 ಹೊರಡಿಸುವ ಸುಮಾರು 5 ವೋಲ್ಟ್, ಆರ್‌ಎಸ್232 ಎಂಬ ಸೀರಿಯಲ್ ಮಾನದಂಡದ ಮೋಡೆಮ್ ಗುರುತಿಸಲು ಧಾರಾಳವಾಗಿ ಸಾಕು.

ಭಾನುವಾರ ಬೆಳಿಗ್ಗೆ ಮಾವನೂ ಬಂದರು. “ಇದಕ್ಕೆ ಫೋನ್ ಬೇರೆ ಕೇಡೇನೋ? ನಮ್ಮ ಸ್ಕೂಲಲ್ಲಿ ಹೆಡ್‌ಮಾಸ್ಟರ ಫೋನಿನ ಡಯಲ್ಲಿಗೇ ಬೀಗ ಹಾಕಿರ್ತಿದ್ರು” ಎನ್ನುತ್ತಾ ಕುರ್ಚಿ ಎಳೆದುಕೊಂಡು ಕುಳಿತರು. ಬಿಬಿಸಿಯಲ್ಲಿ ಸ್ಟಾರ್ ಎಫ್‌ಎಕ್ಸ್ 7,7 ಎಂಬ ಆಜ್ಞೆ ಟೈಪಿಸಿದರೆ ಸ್ವೀಕರಿಸುವ ವೇಗ 9600 ಬಾಡ್ (ಇಲ್ಲಿ ಸೆಕೆಂಡಿಗೆ ಅಷ್ಟು ಬಿಟ್) ಆಗುತ್ತದೆ. ಎಫ್‌ಎಕ್ಸ್ 8,7 ಎಂದರೆ ಕಳಿಸುವ ವೇಗವೂ ಅಷ್ಟೇ. ಎರಡಕ್ಕೂ ಬೇರೆ ಬೇರೆ ಆಜ್ಞೆ ಇರುವುದು ಕೆಲಸಕ್ಕೆ ಬಾರದ ವೈಭವವೇನಲ್ಲ: ಫೋನ್ ತಂತಿಯ ಮೂಲಕ ಪರದೆಗೆ ಪುಟಗಳನ್ನು ಕಳಿಸುತ್ತಿದ್ದ ಬ್ರಿಟನ್ನಿನ ಪ್ರೆಸ್ಟೆಲ್ ಸೇವೆಯಲ್ಲಿ ಮಾಹಿತಿ 1200 ಬಾಡ್‌ನಲ್ಲಿ ಇಳಿದು ಬರುತ್ತಿತ್ತು, ಬಳಕೆದಾರರ ಕೀಲಿಗಳು 75 ಬಾಡ್‌ನಲ್ಲಿ ಏರಿ ಹೋಗುತ್ತಿದ್ದವು. ಬೇಸಿಕ್‌ನಲ್ಲಿ ಬರೆದ ಪುಟ್ಟ ಟರ್ಮಿನಲ್ ಪ್ರೋಗ್ರಾಂ ಓಡಿಸಿ, ಮೋಡೆಮ್ಮನ್ನು ಕರೆಯುವ ‘ಎಟಿ’ ಎಂಬ ಆಜ್ಞೆ ಒತ್ತಿದಾಗ ಪರದೆಯ ಮೇಲೆ ಅದರ ಉತ್ತರ ‘ಓಕೆ’ ಮೂಡಿತು. ಮಾವ ಕನ್ನಡಕ ಹಾಕಿಕೊಂಡರು.

ಮನೆಯ ಲ್ಯಾಂಡ್‌ಲೈನ್ ಈಗ ಫೈಬರ್ ಮೇಲೆ ಬರುವುದರಿಂದ ಅದನ್ನು ನಂಬದೆ, ಕೆಳಮನೆಯ ಆಫೀಸಿನ ಇಂಟರ್‌ಕಾಮ್ ಪೆಟ್ಟಿಗೆಯ ಎರಡು ಎಕ್ಸ್‌ಟೆನ್ಷನ್ನುಗಳನ್ನು ಬಳಸಿಕೊಂಡೆ. ಒಂದಕ್ಕೆ ಈ ಮೋಡೆಮ್, ಇನ್ನೊಂದಕ್ಕೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಯುಎಸ್‌ಬಿ ಮೋಡೆಮ್. ಪೆಟ್ಟಿಗೆಯ ಡಯಲ್ ಟೋನ್ ಎಕ್ಸ್‌ಚೇಂಜಿನದರಂತೆ ಇರುವುದಿಲ್ಲವಾದ್ದರಿಂದ, ಟೋನಿಗೆ ಕಾಯದೆ ಡಯಲ್ ಮಾಡೆಂದು ಹೇಳುವ ಎಟಿಎಕ್ಸ್3 ಆಜ್ಞೆಯನ್ನು ಮೊದಲು ಕೊಟ್ಟು, ಆಮೇಲೆ ಡಯಲ್ ಮಾಡಿಸುವ ಎಟಿಡಿಟಿ ಆಜ್ಞೆಯೊಂದಿಗೆ ಎಕ್ಸ್‌ಟೆನ್ಷನ್ ಸಂಖ್ಯೆ ಒತ್ತಿದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ‘ರಿಂಗ್’ ಬಂತು. ಅಲ್ಲಿ ಕರೆಯನ್ನು ಎತ್ತುವ ಎಟಿಎ ಆಜ್ಞೆ ಒತ್ತಿದ್ದೇ ತಡ, ಸಿಳ್ಳೆ, ಕರಕರ, ಮತ್ತೆ ಸಿಳ್ಳೆ, ಕೊನೆಗೆ ‘ಕನೆಕ್ಟ್’.

ಎರಡು ಮೋಡೆಮ್ಮುಗಳ ನಡುವೆ ದೊರೆತದ್ದು 33,600ರ ವೇಗ. ಬಿಬಿಸಿ ಕುಡಿಯಬಲ್ಲದ್ದು 9600 ಮಾತ್ರ, ಎಂದರೆ ಒಂದಕ್ಷರಕ್ಕೆ ಹತ್ತು ಬಿಟ್‌ನಂತೆ ಸೆಕೆಂಡಿಗೆ 960 ಅಕ್ಷರ. ನನ್ನ ಬೇಸಿಕ್ ಪ್ರೋಗ್ರಾಮಿಗೆ ಅದೂ ಹೆಚ್ಚು. ಲ್ಯಾಪ್‌ಟಾಪಿನಿಂದ ಉದ್ದನೆಯ ಕಡತವೊಂದನ್ನು ಸುರಿದಾಗ ಬಂದ ಅಕ್ಷರಗಳನ್ನು ಗಣಕ ಸದ್ಯಕ್ಕೆ ಇಟ್ಟುಕೊಳ್ಳುವ 256 ಬೈಟಿನ ಬಫರ್ ತುಂಬುತ್ತ ಬರುವುದು, ಗಣಕ ಆರ್‌ಟಿಎಸ್ ತಂತಿಯನ್ನು ಇಳಿಸುವುದು, ಮೋಡೆಮ್ ತಡೆದು ನಿಲ್ಲುವುದು, ಮತ್ತೆ ಬಿಡುವುದು, ಇದೆಲ್ಲ ಡೇಟಾ ಗಣಕಕ್ಕೆ ಹೋಗುವಾಗ ಹೊತ್ತಿಕೊಳ್ಳುವ ಮೋಡೆಮ್ಮಿನ ಆರ್‌ಡಿ ದೀಪ ಬಿಟ್ಟುಬಿಟ್ಟು ಮಿನುಗುವುದರಲ್ಲೇ ಕಾಣುತ್ತಿತ್ತು. ಪರೀಕ್ಷೆಗೆಂದು ಹೀಗೆ ತಡೆದು ಬಿಡುವ ವ್ಯವಸ್ಥೆಯನ್ನು (ಫ್ಲೋ ಕಂಟ್ರೋಲ್) ತೆಗೆದುಹಾಕಿ ಅದೇ ಕಡತವನ್ನು ಮತ್ತೆ ಕಳಿಸಿದೆ; ದೀಪ ಎಡೆಬಿಡದೆ ಉರಿಯಿತು, ಪರದೆಯ ಮೇಲೆ ಮಾತ್ರ ಸಾಲುಗಳ ನಡುನಡುವೆ ಪದಗಳೇ ಮಾಯ. “ಎರಡನೇ ಸಲ ಬಂದದ್ದು ಓದೋಕಾಗಲ್ಲ, ಮೊದಲಿನ ಹಾಗೇ ಇಡು” ಎಂದ ಮಾವ, ತಮಗೂ ಟೈಪ್ ಮಾಡಲು ಬಿಡಬೇಕೆಂದು ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡರು.